ದ್ಯಾಮಣ್ಣನನ್ನು ಕೂರಿಸಿದ್ದು

ಮಹದೇವಪುರದ ಆ ಪಂಪಿನ ಕಾರ್ಖಾನೆಯಲ್ಲಿ ಕಂಪ್ಯೂಟರ್ ಇದ್ದದ್ದು ಒಂದೇ ಕೋಣೆಯಲ್ಲಿ. ಅಲ್ಲಿಗೆ ಹೋಗುವವರು, ಜನರಲ್ ಮ್ಯಾನೇಜರೇ ಆಗಲಿ, ಕಾಲಿಗೆ ಹಾಕಿದ್ದನ್ನು ಬಾಗಿಲ ಹೊರಗೆ ಬಿಟ್ಟು ಹೋಗಬೇಕಿತ್ತು. ಧೂಳು ಕೂತರೆ ಯಂತ್ರ ಕೆಡುತ್ತದೆ ಎಂದು ಅದನ್ನು ನೋಡಿಕೊಳ್ಳುತ್ತಿದ್ದ ವಿಶ್ವನಾಥ್ ಹೇಳುತ್ತಿದ್ದರು. ದಾವಣಗೆರೆ ಕಡೆಯ ಈ ಮನುಷ್ಯ ಹಾಜರಿ ಪಟ್ಟಿ, ಸಾಮಾನಿನ ಪಟ್ಟಿಗಳನ್ನೆಲ್ಲ ಮುಗಿಸಿ ಊಟದ ಬಿಡುವಿನಲ್ಲಿ ಒಬ್ಬರೇ ಕೂತು ಏನನ್ನೋ ಬರೆಯುತ್ತಿದ್ದರು. ತೊಂಬತ್ತಾರರ ದಸರೆಗೆ ಶುರುವಾದದ್ದು ತೊಂಬತ್ತೇಳರ ಯುಗಾದಿಗೆ ಮುಗಿಯಿತು. ಮುಗಿದಾಗ ಅದೊಂದು ಹಾಕಿ ಆಟವಾಗಿತ್ತು. ಕೀಲಿ ಒತ್ತಿ ಚೆಂಡು ಓಡಿಸುವ ಆಟವಲ್ಲ, ಕೂತಲ್ಲಿಂದ ತಂಡ ನಡೆಸುವ ಆಟ.

ಕಾರ್ಖಾನೆಗೆ ಹಿಂದೆ ನಿಜವಾದ ಹಾಕಿ ತಂಡವೇ ಇತ್ತು. ಹಿತ್ತಿಲ ಕಡೆ ಮಣ್ಣಿನ ಮೈದಾನವಿತ್ತು. ಎರಡು ವರ್ಷದ ಕೆಳಗೆ ಅಲ್ಲಿ ಹೊಸ ಷೆಡ್ಡು ಎದ್ದಿತು, ತಂಡ ಚದುರಿತು. ಉಳಿದದ್ದು ಟೈಮ್ ಆಫೀಸಿನ ಬೀರುವಿನಲ್ಲಿ ಹನ್ನೆರಡು ವರ್ಷದ ಸ್ಕೋರ್ ಪುಸ್ತಕಗಳು. ಯಾರು ಎಷ್ಟನೇ ನಿಮಿಷದಲ್ಲಿ ಗೋಲು ಹೊಡೆದರು, ಯಾರು ತಪ್ಪಿಸಿದರು, ಯಾರು ಹೊರಗೆ ಬಂದರು, ಯಾರು ಒಳಗೆ ಹೋದರು ಎಲ್ಲ ಅವುಗಳಲ್ಲಿತ್ತು. ವಿಶ್ವನಾಥ್ ಅದನ್ನೆಲ್ಲ ಕೂತು ಓದಿ, ಆಗ ಆಡಿದ್ದ ನಮ್ಮವರಿಗೂ ಎದುರಾಳಿ ಕಾರ್ಖಾನೆಗಳವರಿಗೂ ಒಬ್ಬೊಬ್ಬರಿಗೆ ನಾಲ್ಕು ನಾಲ್ಕು ಅಂಕ ಕೊಟ್ಟರು. ಕೈಗೆ ಒಂದು, ಓಟಕ್ಕೆ ಒಂದು, ದಮ್ಮಿಗೆ ಒಂದು, ಮನಸ್ಸಿಗೆ ಒಂದು. ಎಲ್ಲವೂ ಇಪ್ಪತ್ತಕ್ಕೆ. ಮೊದಲ ಮೂರು ಬದಲಾಗುವುದಿಲ್ಲ, ಮನಸ್ಸಿನ ಅಂಕ ಮಾತ್ರ ವಾರವಾರಕ್ಕೂ ಏರಿಳಿಯುತ್ತದೆ. ಯಾಕೆ ಏರುತ್ತದೆ, ಯಾಕೆ ಇಳಿಯುತ್ತದೆ ಎಂದು ಕೇಳಿದವರಿಗೆ ಅವರು, "ಅದನ್ನ ಕಂಡ್ಕೊಳ್ಳೋದೇ ಆಟ ಕಣ್ರೀ" ಎಂದು ನಗುತ್ತಿದ್ದರು.

ಸ್ಟೋರ್ಸ್, ಅಸೆಂಬ್ಲಿ, ಫೌಂಡ್ರಿ, ಮಷೀನ್ ಶಾಪ್ ಎಂದು ನಾಲ್ಕು ವಿಭಾಗಕ್ಕೆ ನಾಲ್ಕು ತಂಡಗಳಾದವು. ಆಟಗಾರರ ಹೆಸರುಗಳನ್ನು ಚೀಟಿ ಎತ್ತಿ ಹಂಚಿದರು. ಪ್ರತಿ ತಂಡಕ್ಕೂ ಒಬ್ಬ ಮ್ಯಾನೇಜರ್. ಅವನು ಗುರುವಾರ ಮಧ್ಯಾಹ್ನದೊಳಗೆ ಯಾರು ಎಲ್ಲಿ ಆಡಬೇಕು, ನಾಯಕ ಯಾರು, ಪೆನಾಲ್ಟಿ ಕಾರ್ನರ್ ಯಾರು ಹೊಡೆಯಬೇಕು, ಯಾರು ಯಾವಾಗ ಒಳಗೆ ಬರಬೇಕು ಎಂದು ಚೀಟಿ ಬರೆದು ಕೊಡಬೇಕು. ವಿಶ್ವನಾಥ್ ಅದನ್ನು ಕಂಪ್ಯೂಟರಿಗೆ ಹಾಕುತ್ತಾರೆ. ಶುಕ್ರವಾರ ಊಟದ ಹೊತ್ತಿಗೆ ಅಂಚಿನಲ್ಲಿ ತೂತುಗಳಿರುವ ಉದ್ದನೆಯ ಕಾಗದ ಕ್ಯಾಂಟೀನಿನ ಹಲಗೆಯ ಮೇಲೆ ಬೀಳುತ್ತದೆ. ಎಪ್ಪತ್ತು ನಿಮಿಷದ ಪಂದ್ಯ, ನಿಮಿಷ ನಿಮಿಷದ ವರದಿ, ಇಂಗ್ಲಿಷಿನಲ್ಲಿ. ಅದನ್ನು ಕನ್ನಡ ಮಾಡಿ ಗಟ್ಟಿಯಾಗಿ ಓದುವ ಕೆಲಸವನ್ನು ಅಸೆಂಬ್ಲಿಯ ಶಶಿಕುಮಾರ್ ತಾನಾಗಿಯೇ ವಹಿಸಿಕೊಂಡಿದ್ದ. ಅವನೇ ಅಸೆಂಬ್ಲಿ ತಂಡದ ಮ್ಯಾನೇಜರ್ ಆಗಿದ್ದುದರಿಂದ ಓದುವಾಗ ಉಪ್ಪುಖಾರ ಸ್ವಲ್ಪ ಹೆಚ್ಚೇ ಬೀಳುತ್ತಿತ್ತು.

ಸ್ಟೋರ್ಸ್ ತಂಡದ ಮ್ಯಾನೇಜರ್ ನರಸಪ್ಪ. ಕುಂದಲಹಳ್ಳಿಯವನು. ಬೆಳಿಗ್ಗೆ ಎರಡು ಹಸುಗಳ ಹಾಲು ಕರೆದು ಡೇರಿಗೆ ಹಾಕಿ, ಮೇವು ಕೊಯ್ದು, ಸ್ನಾನ ಮಾಡಿ ಸೈಕಲ್ಲಿನಲ್ಲಿ ಏಳೂವರೆಗೆ ಗೇಟಿನಲ್ಲಿರುತ್ತಿದ್ದ. ಹಾಕಿ ಕೋಲನ್ನು ಅವನು ಹಿಡಿದವನಲ್ಲ. ಆದರೆ ಸ್ಟೋರ್ಸಿನ ಸಾವಿರದ ಚಿಲ್ಲರೆ ಖಾನೆಗಳಲ್ಲಿ ಯಾವ ಬೋಲ್ಟು ಎಲ್ಲಿದೆ ಎಂದು ಪುಸ್ತಕ ತೆರೆಯದೆ ಹೇಳುತ್ತಿದ್ದ. ಕೇಳಿದ ಸಾಮಾನು ಸಿಗದಿದ್ದರೆ ಇಲ್ಲ ಎನ್ನುವ ಬದಲು, "ಕೂತ್ಕಳಿ, ನೋಡುವಾ" ಎನ್ನುತ್ತಿದ್ದ. ಹಾಗೆ ಕೂತವರು ಬರಿಗೈಯಲ್ಲಿ ಎದ್ದು ಹೋದದ್ದು ಕಡಿಮೆ.

ಚೀಟಿ ಎತ್ತಿದ ದಿನ ಅವನ ಪಾಲಿಗೆ ಬಂದದ್ದು ಎಲ್ಲರೂ ಆಸೆಪಟ್ಟಿದ್ದ ಹೆಸರು, ಸೆಂಟರ್ ಫಾರ್ವರ್ಡ್ ದ್ಯಾಮಣ್ಣ. ಕೈ ಹತ್ತೊಂಬತ್ತು, ಓಟ ಹದಿನೇಳು, ದಮ್ಮು ಹದಿಮೂರು, ಮನಸ್ಸು ಹದಿನಾಲ್ಕು. ಅರವತ್ತು ಚಿಲ್ಲರೆ ಆಟಗಾರರಲ್ಲಿ ಕೈಗೆ ಹತ್ತೊಂಬತ್ತು ಇದ್ದದ್ದು ಅವನೊಬ್ಬನಿಗೇ.

ಆ ದ್ಯಾಮಣ್ಣ ಅಲ್ಲೇ ಇದ್ದ. ಮಷೀನ್ ಶಾಪಿನಲ್ಲಿ ಕಿಟಕಿಯ ಪಕ್ಕದ ಲೇತು ಯಂತ್ರ ಅವನದು. ಹಾವೇರಿ ಸೀಮೆಯವನು, ವಯಸ್ಸು ನಲವತ್ತಮೂರು. ಹನ್ನೆರಡು ವರ್ಷ ಕಾರ್ಖಾನೆಗೆ ಆಡಿ, ಮೈದಾನ ಹೋಗುವುದಕ್ಕೆ ಸ್ವಲ್ಪ ಮೊದಲೇ ಮೊಣಕಾಲು ಕೆಡಿಸಿಕೊಂಡು ನಿಲ್ಲಿಸಿದ್ದ. ಅವನು ಆಡಿದ್ದನ್ನು ಕಂಡವರು ಇನ್ನೂ ಅದನ್ನೇ ಹೇಳುತ್ತಿದ್ದರು. ಚೆಂಡು ಕೋಲಿಗೆ ಅಂಟಿಕೊಂಡಂತೆ ಬರುತ್ತಿತ್ತಂತೆ. ತಡೆಯಲು ನಿಂತ ಎದುರಿನ ಬ್ಯಾಕ್ ಬಲಕ್ಕೆ ಬಾಗಿ ಮುಗಿಸುವ ಹೊತ್ತಿಗೆ ಇವನು ಎಡದಿಂದ ದಾಟಿರುತ್ತಿದ್ದನಂತೆ. ಓಡಿದಂತೆಯೂ ಕಾಣುತ್ತಿರಲಿಲ್ಲವಂತೆ.

ಅಂಥವನು ತನ್ನ ತಂಡಕ್ಕೆ ಬಂದನಲ್ಲ ಎಂದು ನರಸಪ್ಪ ತುಂಬು ಮನಸ್ಸಿನಿಂದ ಚೀಟಿ ಬರೆದ. ನಾಯಕ, ದ್ಯಾಮಣ್ಣ. ಪೆನಾಲ್ಟಿ ಕಾರ್ನರ್, ದ್ಯಾಮಣ್ಣ. ಪೆನಾಲ್ಟಿ ಸ್ಟ್ರೋಕ್, ದ್ಯಾಮಣ್ಣ. ಫ್ರೀ ಹಿಟ್ಟುಗಳು, ದ್ಯಾಮಣ್ಣ. ಮೊದಲ ನಿಮಿಷದಿಂದ ಎಪ್ಪತ್ತನೆಯದರವರೆಗೆ ದ್ಯಾಮಣ್ಣ. ನರಸಪ್ಪನ ಮನೆಗೆ ಹಿರಿಯರು ಬಂದರೆ ಮೊದಲ ಚೊಂಬು ನೀರು ಅವರಿಗೆ, ಚಾಪೆಯ ಮೇಲ್ಗಡೆ ಅವರಿಗೆ, ಪಂಕ್ತಿಯಲ್ಲಿ ಮೊದಲ ಎಲೆಯೂ ಅವರಿಗೇ. ಅದರಲ್ಲಿ ಒಂದನ್ನು ಇನ್ನೊಬ್ಬರಿಗೆ ಕೊಟ್ಟರೂ ಕರೆದು ಅವಮಾನ ಮಾಡಿದ ಹಾಗೆ. ನರಸಪ್ಪ ಚೀಟಿ ಬರೆದದ್ದು ಹಾಗೆ. ಸ್ಟೋರ್ಸಿನ ಉಳಿದವರೂ ನೋಡಿ ಸರಿ ಎಂದರು.

ಮೊದಲ ಶುಕ್ರವಾರ ದ್ಯಾಮಣ್ಣ ಗೋಲು ಹೊಡೆಯಲಿಲ್ಲ. ಎರಡನೆಯ ಶುಕ್ರವಾರವೂ ಇಲ್ಲ. ಮೂರನೆಯದರಲ್ಲಿ ನಾಲ್ಕು ಪೆನಾಲ್ಟಿ ಕಾರ್ನರ್ ಸಿಕ್ಕಿ ನಾಲ್ಕನ್ನೂ ಹೊರಗೆ ಹೊಡೆದ. ಮನಸ್ಸಿನ ಅಂಕ ಹದಿನಾಲ್ಕರಿಂದ ಹನ್ನೊಂದಾಯಿತು, ಒಂಬತ್ತಾಯಿತು, ಐದನೆಯ ವಾರಕ್ಕೆ ನಾಲ್ಕಕ್ಕೆ ಬಂದು ನಿಂತಿತು.

ಶಶಿಕುಮಾರ್ ಬೆಂಚಿನ ಮೇಲೆ ನಿಂತು ಓದುತ್ತಿದ್ದ. "ಐವತ್ತೆರಡನೇ ನಿಮಿಷ, ದ್ಯಾಮಣ್ಣ ಚೆಂಡು ಕಳ್ಕೊಂಡ್ರು. ಐವತ್ತೈದು, ದ್ಯಾಮಣ್ಣ ಮತ್ತೆ ಚೆಂಡು ಕಳ್ಕೊಂಡ್ರು. ಯಾರಿಗಾದ್ರೂ ಸಿಕ್ರೆ ಸ್ಟೋರ್ಸಿಗೆ ತಲುಪಿಸಿ ಗುರು, ಅವರ ಖಾನೇಲಿ ಇಟ್ಕೋತಾರೆ."

ಕ್ಯಾಂಟೀನು ನಕ್ಕಿತು. ಸಾರು ಬಡಿಸುತ್ತಿದ್ದ ಚಿಕ್ಕಮುನಿಯಮ್ಮ ಸೌಟು ಎತ್ತಿ ಹಿಡಿದು, "ಲೇ ಶಶಿ, ಮೊದ್ಲು ಇಳ್ದು ಉಣ್ಣು. ದೊಡ್ಡೋರ ಎಸ್ರು ಇಟ್ಕಂಡು ಎಷ್ಟು ಆಡ್ತೀಯ" ಎಂದಳು.

"ನಾನೇನ್ ಅಂದೆ ಅಕ್ಕ, ಕಂಪ್ಯೂಟರ್ ಅಂದಿದ್ದು."

ದ್ಯಾಮಣ್ಣ ಮೂಲೆಯ ಮೇಜಿನಲ್ಲಿದ್ದ. ಅವನೂ ನಕ್ಕಂತೆ ಮಾಡಿ ತಟ್ಟೆ ತೊಳೆದಿಟ್ಟು ಹೋದ. ಮಾರನೆಯ ದಿನದಿಂದ ಅವನು ಕ್ಯಾಂಟೀನಿಗೆ ಬರಲಿಲ್ಲ. ಮನೆಯಿಂದ ರೊಟ್ಟಿ ಕಟ್ಟಿಸಿಕೊಂಡು ಬಂದು ಲೇತಿನ ಪಕ್ಕದಲ್ಲೇ, ಗೋಡೆಯ ಕಡೆ ಮುಖ ಮಾಡಿ ತಿನ್ನತೊಡಗಿದ.

ಆಟ ಶುರುವಾಗುವ ಮೊದಲು ಕಾರ್ಖಾನೆಗೆ ಹೊಸದಾಗಿ ಸೇರಿದವರಿಗೆ ದ್ಯಾಮಣ್ಣ ಎಂದರೆ ಹಿಂದೆ ಬಹಳ ಚೆನ್ನಾಗಿ ಆಡುತ್ತಿದ್ದವನು ಎಂದಷ್ಟೇ ಗೊತ್ತಿತ್ತು. ಈಗ ಅವರಿಗೆ ಗೊತ್ತಿದ್ದದ್ದು ವಾರವಾರವೂ ಚೆಂಡು ಕಳೆದುಕೊಳ್ಳುವ ದ್ಯಾಮಣ್ಣ. ಮೈದಾನವಿಲ್ಲ, ಮೊಣಕಾಲಿಲ್ಲ, ಹಾಗಲ್ಲಪ್ಪ ಎಂದು ಆಡಿ ತೋರಿಸುವ ದಾರಿಯೂ ಇಲ್ಲ. ನರಸಪ್ಪನಿಗೆ ಇದು ಅರ್ಥವಾಯಿತು. ಅರ್ಥವಾದ ಮೇಲೆ ತನ್ನ ತಂಡ ಕೊನೆಯ ಸ್ಥಾನದಲ್ಲಿರುವುದು ಅವನಿಗೆ ಅಷ್ಟು ಕಾಡಲಿಲ್ಲ. ಒಬ್ಬ ಮನುಷ್ಯನ ಹೆಸರನ್ನು ತನ್ನ ಕೈಗೆ ಕೊಟ್ಟಿದ್ದರು, ಅದು ತನ್ನ ಕೈಯಲ್ಲಿ ಕೊಳೆಯುತ್ತಿದೆ ಎನ್ನುವುದು ಕಾಡಿತು.

ಮರುವಾರ ದ್ಯಾಮಣ್ಣನೇ ಸ್ಟೋರ್ಸಿನ ಕಿಟಕಿಗೆ ಬಂದ. ಡ್ರಿಲ್ಲು ಬೇಕೆಂದು ಚೀಟಿ ತಂದಿದ್ದ. ಡ್ರಿಲ್ಲು ತೆಗೆದುಕೊಂಡ ಮೇಲೂ ನಿಂತ.

"ನರಸಪ್ಪ, ನಾ ವಿಶ್ವನಾಥ್ ಸಾಹೇಬ್ರಿಗೆ ಹೇಳಿ ಬಂದೇನಿ. ನನ್ನ ಹೆಸರು ತಗದುಬಿಡ್ರಿ ಅಂತ. ಮ್ಯಾನೇಜರ್ ಒಪ್ಪಿದ್ರ ತಗೀತೇನಿ ಅಂದ್ರು. ನೀನು ಒಪ್ಪಿಬಿಡು."

ನರಸಪ್ಪ ಡ್ರಿಲ್ಲಿನ ಚೀಟಿಯನ್ನು ಮೊಳೆಗೆ ಚುಚ್ಚಿದ.

"ಮೈದಾನದಾಗ ಹನ್ನೆರಡು ವರ್ಷ ಯಾರೂ ನನಗ ಹಿಂಗ ಅಂದಿಲ್ಲ. ಕಾಗದದಾಗ ಅನ್ನಿಸ್ಕೊಳ್ಳೂದು ನನಗೇನು ಬೇಕಾಗೇತಿ."

"ಒಂದ್ ವಾರ ತಡೀರಿ ದ್ಯಾಮಣ್ಣೋರೆ. ತಪ್ಪು ನಿಮ್ದಲ್ಲ. ನಂದೇ ಎಲ್ಲೋ ಆಗೈತೆ. ಎಲ್ಲಿ ಅಂತ ಇನ್ನೂ ಸಿಕ್ಕಿಲ್ಲ."

"ಈ ವಾರದ್ದು ಬರೆದಾಗೇತಲ್ಲ?"

"ಈ ವಾರ ಯಾರ್ಗೂ ಆಟ ಇಲ್ಲ, ಕಂಪ್ಯೂಟರು ಸಂಬಳದ ಪಟ್ಟಿಗೆ ಬೇಕಂತೆ. ಮುಂದಿನ್ ವಾರ ಶುಕ್ರವಾರ ಅಸೆಂಬ್ಲಿ ಮೇಲೆ ಐತೆ."

"ಅದೊಂದ ನೋಡ್ತೇನಿ. ಅವತ್ತೂ ಹಿಂಗ ಆತಂದ್ರ ಹೆಸರು ಹೋಗಬೇಕು. ಮಾತು?"

"ಮಾತು," ಎಂದ ನರಸಪ್ಪ.

ಭಾನುವಾರ ಬೆಳಿಗ್ಗೆ ಅವನು ಮನೆಯ ಹಿತ್ತಿಲಿನ ಬಾಳೆಗೊನೆಯಿಂದ ಒಂದು ಚಿಪ್ಪು ಕೊಯ್ದು, ಅಂಗಡಿಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ತೆಗೆದುಕೊಂಡು ಸೈಕಲ್ ಹತ್ತಿ ದ್ಯಾಮಣ್ಣನಿದ್ದ ಹೂಡಿಗೆ ಹೋದ. ದೊಡ್ಡವರನ್ನು ಒಂದು ಕೆಲಸಕ್ಕೆ ಕೇಳಬೇಕಾದರೆ ಕಿಟಕಿಯಲ್ಲಿ ನಿಂತು ಕೇಳುವುದಲ್ಲ, ಮನೆಗೆ ಹೋಗಿ ಕೇಳಬೇಕು. ಇಷ್ಟು ದಿನ ಅದು ತನಗೆ ಹೊಳೆಯಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಅಂದುಕೊಂಡ.

ರೈಲು ಗೇಟಿನ ಆಚೆ ಸಾಲುಮನೆಯಲ್ಲಿ ದ್ಯಾಮಣ್ಣನ ಬಾಡಿಗೆ ಮನೆ. ಬಾಗಿಲಲ್ಲೇ ಕೂತು ಅವನ ಹೆಂಡತಿ ಸಿದ್ದಮ್ಮ ರೊಟ್ಟಿ ಬಡಿಯುತ್ತಿದ್ದಳು. ತಾಂಬೂಲದ ತಟ್ಟೆ ಕಂಡವಳೇ ಕೈ ಒರೆಸಿಕೊಂಡು ಎದ್ದಳು.

"ಬರ್ರಿ, ಕುಂದರ್ರಿ. ಯಾರದರೀ ಮದುವಿ?"

"ಮದುವೆ ಅಲ್ಲ ಕಣಕ್ಕಾ. ಆಟ. ದ್ಯಾಮಣ್ಣೋರನ್ನ ಆಟಕ್ಕೆ ಕರ್ಯಾಕೆ ಬಂದಿದೀನಿ."

ಸಿದ್ದಮ್ಮ ಗಂಡನ ಕಾಲಿನ ಕಡೆ ನೋಡಿದಳು. ಗೋಡೆಗೊರಗಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ದ್ಯಾಮಣ್ಣ ತಲೆ ಎತ್ತಲಿಲ್ಲ. "ಆ ಕಾಗದದ್ದು," ಎಂದ.

"ಕಾಗದದ ಆಟಕ್ಕ ಎಲಿ ಅಡಿಕಿ ಕೊಟ್ಟು ಕರೀತಾರೇನು?" ಎಂದು ಅವಳಿಗೆ ನಗು ಬಂತು. ಆದರೂ ತಟ್ಟೆ ತೆಗೆದುಕೊಂಡು ಒಳಗಿಟ್ಟು ಬಂದಳು.

ನರಸಪ್ಪ ಚಾಪೆಯ ಮೇಲೆ ಕೂತ. ಚಹ ಬಂತು. ಕುಡಿದ. ಮಳೆಯ ವಿಷಯ ಆಯಿತು, ಬೋನಸ್ಸಿನ ವಿಷಯ ಆಯಿತು. ಆಮೇಲೆ ಅವನು, "ನಾನು ನೀವಾಡಿದ್ದು ಒಂದ್ ದಿನಾನೂ ನೋಡ್ಲಿಲ್ಲ. ಸ್ಟೋರ್ಸ್ ಬಿಟ್ಟು ಬರಂಗಿರ್ಲಿಲ್ಲ. ಎಂಗಾಡ್ತಿದ್ರಿ, ಒಸಿ ಯೋಳಿ" ಎಂದ.

"ಆಡಿದವರು ಹೇಳಾಕ ಬರ್ತದೇನು," ಎಂದ ದ್ಯಾಮಣ್ಣ.

"ನಾ ಹೇಳ್ತೇನಿ," ಎಂದಳು ಸಿದ್ದಮ್ಮ. ರೊಟ್ಟಿ ತಿರುವಿ ಹಾಕಿ ಹೇಳತೊಡಗಿದಳು. ಪ್ರತಿ ಪಂದ್ಯಕ್ಕೂ ಅವಳೂ ಇತರ ಹೆಂಗಸರೂ ಕಾಂಪೌಂಡಿನ ನೆರಳಲ್ಲಿ ಕೂತು ನೋಡುತ್ತಿದ್ದರಂತೆ. "ಮೊದಲ ಅರ್ಧ ಗಂಟೆ ಇವರನ್ನ ಹೊರಗೇ ಕುಂದ್ರಸ್ತಿದ್ರರಿ. ನಮಗೆಲ್ಲಾ ಸಿಟ್ಟು. ಇವರು ಮಾತ್ರ ಸುಮ್ಮನ ಕುಂತು ನೋಡೂದು. ಒಂದು ಮಾತಿಲ್ಲ, ನೀರು ಕೊಟ್ರ ಕುಡಿಯಂಗಿಲ್ಲ. ಆಮ್ಯಾಲೆ ಒಳಗ ಹೋದ್ರು ಅಂದ್ರ, ಅವರು ಹನ್ನೊಂದು ಮಂದಿಗೂ ಇವರು ಎಲ್ಲಿಂದ ಬಂದ್ರು ಅಂತ ತಿಳೀತಿರಲಿಲ್ಲ."

"ಏನ್ ನೋಡ್ತಿದ್ರಿ?" ನರಸಪ್ಪ ದ್ಯಾಮಣ್ಣನನ್ನೇ ಕೇಳಿದ.

ಎಣ್ಣೆಯ ಕೈ ನಿಂತಿತು. "ಅವರ ಬ್ಯಾಕ್ ಯಾವ ಕಾಲಿನ ಮ್ಯಾಲೆ ಭಾರ ಹಾಕ್ತಾನ ಅನ್ನೂದು," ಎಂದ ದ್ಯಾಮಣ್ಣ. "ಪ್ರತಿಯೊಬ್ಬಗೂ ಒಂದು ಕಾಲು ಇರ್ತದ. ಇಪ್ಪತ್ತು ನಿಮಿಷ ನೋಡಿದ್ರ ತಿಳೀತದ. ತಿಳದ ಮ್ಯಾಲೆ ಓಡೂ ಕೆಲಸಿಲ್ಲ. ಅವ ಆ ಕಾಲು ಊರಿದಾಗ ಈ ಕಡಿಂದ ಹೋದ್ರಾತು."

"ಕಾರ್ನರ್ ನೀವೇ ಒಡೀತಿದ್ರಾ?"

"ಏ ಇಲ್ಲ. ಎಲ್ಲಾರೂ ನಿಂತು ನನ್ನ ಮಾರೀನ ನೋಡಾಕತ್ತಿದ್ರ ಕೈ ಬರಂಗಿಲ್ಲ ನನಗ. ಹರಿಯೂ ಆಟದಾಗ ಸೈ. ನಿಂತ ಆಟ ನನ್ನದಲ್ಲ."

ನರಸಪ್ಪನಿಗೆ ತಾನು ಐದು ವಾರ ಬರೆದ ಚೀಟಿಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಕೂತು ನೋಡಿ ಎದ್ದು ಆಡುವ ಮನುಷ್ಯನನ್ನು ಮೊದಲ ನಿಮಿಷಕ್ಕೇ ಓಡಿಸಿದ್ದ. ನಿಂತ ಚೆಂಡು ಬಂದಾಗಲೆಲ್ಲ ಅವನ ಮುಂದೆಯೇ ಇಟ್ಟಿದ್ದ. ಹದಿಮೂರರ ದಮ್ಮಿನವನಿಂದ ಎಪ್ಪತ್ತು ನಿಮಿಷ ಎಲ್ಲರ ಕೆಲಸ ಮಾಡಿಸಿದ್ದ. ಅದಕ್ಕೆ ಮರ್ಯಾದೆ ಎಂದು ಹೆಸರಿಟ್ಟುಕೊಂಡಿದ್ದ. ಇದರಲ್ಲಿ ಹೇಳಲು ಕಷ್ಟವಾದದ್ದು ಒಂದೇ ಇತ್ತು, ನಾಯಕನ ಜಾಗ. ತಾನೇ ಹೊರಗೆ ಕೂತವನು ಒಳಗಿನವರನ್ನು ನಡೆಸುವುದು ಹೇಗೆ?

"ಅಲ್ಲ, ಆಗ ನಾಯಕ ಯಾರಾಗಿದ್ರು?" ಎಂದು ಸುತ್ತುಬಳಸಿ ಕೇಳಿದ.

ಸಿದ್ದಮ್ಮ ಗಂಡನ ಮುಖ ನೋಡಿದಳು. ಆಮೇಲೆ ಎದ್ದು ಒಳಗೆ ಹೋಗಿ ಟ್ರಂಕು ತೆರೆದು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಚೀಲ ತಂದಳು. ಅದರೊಳಗಿಂದ ನಾಲ್ಕು ಮಡಿಕೆಯಾಗಿದ್ದ ಕಾಗದವನ್ನು ಬಿಡಿಸಿ ನರಸಪ್ಪನ ಮುಂದಿಟ್ಟಳು. ಅಂಚಿನಲ್ಲಿ ತೂತುಗಳಿದ್ದ ಕಾಗದ. ಮೊದಲ ವಾರದ ವರದಿ. ದ್ಯಾಮಣ್ಣನ ಹೆಸರಿನ ಮುಂದೆ ನಾಯಕ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದ್ದ ಕಡೆ ಯಾರೋ ಬೆರಳಾಡಿಸಿ ಆಡಿಸಿ ಮಸಿ ಮಾಸಿತ್ತು.

"ಹನ್ನೆರಡು ವರ್ಷದಾಗ ಒಂದು ಸಲಾನೂ ಇವರನ್ನ ಮಾಡಲಿಲ್ಲರಿ," ಎಂದಳು ಮೆಲ್ಲಗೆ. "ಇದನ್ನ ಹಲಗಿಯಿಂದ ತಾವೇ ಬಿಚ್ಚಿಕೊಂಡು ಬಂದು ತೋರಿಸಿದ್ರು."

"ಸಾಕು, ರೊಟ್ಟಿ ಹೊತ್ತೇತಿ ನೋಡು," ಎಂದ ದ್ಯಾಮಣ್ಣ.

ನರಸಪ್ಪ ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಿಸಿ ಸಿದ್ದಮ್ಮನ ಕೈಗೆ ಕೊಟ್ಟ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಎದ್ದು ಹೋಗುತ್ತಿದ್ದರು, ಇಲ್ಲವೆ ಬಂದ ಕೆಲಸ ಹೇಳಿ ಮುಗಿಸಿಬಿಡುತ್ತಿದ್ದರು. ನರಸಪ್ಪ ಕೂತೇ ಇದ್ದ. ಇನ್ನೊಂದು ಲೋಟ ಚಹ ಕುಡಿದ. ಎಣ್ಣೆಗಾಯಿ ಬದನೆಕಾಯಿ ಪಲ್ಯದ ಜೊತೆ ಎರಡು ರೊಟ್ಟಿ ತಿಂದ. ಕೊನೆಗೆ ದ್ಯಾಮಣ್ಣನೇ, "ಏನೋ ಹೇಳಾಕ ಬಂದೀಯಲ್ಲ, ಹೇಳು" ಎಂದ.

"ಯೋಳ್ತೀನಿ. ನೀವು ಬ್ಯಾಡ ಅಂದ್ರೆ ಮಾಡಾಕಿಲ್ಲ. ಮೊದ್ಲರ್ಧ ನಿಮ್ಮನ್ನ ಕೂರಿಸ್ಬೇಕು ಅಂತ ಆಸೆ. ಕಾರ್ನರ್ರು ಸ್ಟ್ರೋಕು ಬೇರೇರಿಗೆ. ಇಷ್ಟೇ."

"ಅಷ್ಟಕ್ಕ ಎಲಿ ಅಡಿಕಿ ತಂದೀಯೇನು. ಅಷ್ಟು ತಗಿ. ನಾಯಕ ಅನ್ನೂದು ಇರಲಿ."

"ಇರ್ಲಿ," ಎಂದ ನರಸಪ್ಪ. ಸೈಕಲ್ ಹತ್ತಿ ಬಂದ.

ಸೋಮವಾರ, ಮಂಗಳವಾರ ಅವನು ಚೀಟಿ ಮುಟ್ಟಲಿಲ್ಲ. ಬುಧವಾರ ಸಂಜೆ ಬರೆದ. ಹನ್ನೊಂದು ಹೆಸರು ಬರೆದು, ದ್ಯಾಮಣ್ಣನನ್ನು ಹೊರಗೆ ಕೂರುವವರ ಪಟ್ಟಿಯಲ್ಲಿ ಹಾಕಿ, ಪಕ್ಕದಲ್ಲಿ ಮೂವತ್ತಾರನೇ ನಿಮಿಷ ಎಂದು ಬರೆದ. ಕಾರ್ನರಿಗೆ ಒಬ್ಬ ಹಾಫ್ ಬ್ಯಾಕಿನ ಹೆಸರು, ಸ್ಟ್ರೋಕಿಗೆ ಸ್ಕೋರ್ ಪುಸ್ತಕದ ಕೊನೆಯ ವರ್ಷವಷ್ಟೇ ಆಡಿದ್ದ ಒಬ್ಬ ಹೊಸ ಹುಡುಗನ ಹೆಸರು ಹಾಕಿದ. ನಾಯಕ ಎಂಬ ಕಡೆ ಬರೆಯಲಿಲ್ಲ.

ಗುರುವಾರ ಹನ್ನೊಂದು ಗಂಟೆಗೆ ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಮಷೀನ್ ಶಾಪಿಗೆ ಹೋದ. ದ್ಯಾಮಣ್ಣ ಲೇತು ನಿಲ್ಲಿಸಿ, ಕೈಯನ್ನು ಬಟ್ಟೆಗೆ ಒರೆಸಿಕೊಂಡು ಚೀಟಿ ತೆಗೆದುಕೊಂಡ. ಪೂರ್ತಿ ಓದಿದ. ಹೊರಗೆ ಕೂರುವವರ ಪಟ್ಟಿಯಲ್ಲಿ ತನ್ನ ಹೆಸರಿದ್ದ ಕಡೆ ಸ್ವಲ್ಪ ಹೊತ್ತು ನಿಂತ.

"ನಾಯಕನ್ನ ಬರದೇ ಇಲ್ಲಲ್ಲ."

"ನೀವು ಯೋಳಿದಂಗೆ ನಿಮ್ ಎಸರೇ ಬರೀಬೇಕು. ನೀವೇ ಬರೀಲಿ ಅಂತ ತಂದೆ," ಎಂದು ನರಸಪ್ಪ ಪೆನ್ನು ಕೊಟ್ಟ.

ದ್ಯಾಮಣ್ಣ ಪೆನ್ನು ಹಿಡಿದ. ಪಕ್ಕದ ಲೇತಿನಿಂದ ಕಬ್ಬಿಣದ ಸುರುಳಿಗಳು ಹೊಗೆಯಾಡುತ್ತ ಬೀಳುತ್ತಿದ್ದವು. "ಒಳಗ ಮೊದಲರ್ಧ ಯಾರ್ಯಾರು ಇರ್ತಾರು?" ಎಂದು ಕೇಳಿ ಹನ್ನೊಂದು ಹೆಸರನ್ನೂ ಮತ್ತೊಮ್ಮೆ ಓದಿದ. ನಡುವೆ ಒಂದು ಹೆಸರಿನ ಮೇಲೆ ಬೆರಳಿಟ್ಟ. "ಈ ಬಸು ನನ್ನ ಹಿಂದ ಸೆಂಟರ್ ಹಾಫ್ ಆಡ್ತಿದ್ದ. ಈಗ ಪೀಣ್ಯದಾಗ ಎಲ್ಲೋ ಅದಾನ. ಅವ ಎಂದೂ ನನ್ನ ಕಡೆ ಚೆಂಡು ನೋಡಿ ಕೊಡಲಿಲ್ಲ. ನಾ ಎಲ್ಲಿರ್ತೇನಿ ಅಂತ ನೋಡದನ ತಿಳೀತಿತ್ತು ಅವಗ."

"ಊಂ."

"ಒಳಗ ಇದ್ದವನ ನಾಯಕ ಆಗಬೇಕಲ್ಲ ನರಸಪ್ಪ. ಹೊರಗ ಕುಂತವ ಎಂಥಾ ನಾಯಕ."

ದ್ಯಾಮಣ್ಣ ಲೇತಿನ ಹಾಸಿನ ಮೇಲೆ ಚೀಟಿ ಇಟ್ಟುಕೊಂಡು ದೊಡ್ಡ ಅಕ್ಷರದಲ್ಲಿ ಬಸು ಎಂದು ಬರೆದ. ಪೆನ್ನು ವಾಪಸ್ಸು ಕೊಟ್ಟು ಲೇತು ಚಾಲೂ ಮಾಡಿದ. ಚೀಟಿಯ ಮೇಲೆ ಎಣ್ಣೆಯ ಹೆಬ್ಬೆಟ್ಟಿನ ಗುರುತು ಬಿದ್ದಿತ್ತು. ಕಂಪ್ಯೂಟರ್ ಕೋಣೆಯಲ್ಲಿ ವಿಶ್ವನಾಥ್ ಅದನ್ನು ನೋಡಿ, ಬರೆದದ್ದನ್ನು ಎರಡು ಸಲ ಓದಿ, ನರಸಪ್ಪನ ಮುಖ ನೋಡಿದರು.

ಶುಕ್ರವಾರ ಊಟದ ಹೊತ್ತಿಗೆ ಶಶಿಕುಮಾರ್ ಬೆಂಚು ಹತ್ತಿದ. ದ್ಯಾಮಣ್ಣ ಹದಿನೈದು ದಿನದ ಮೇಲೆ ಮೊದಲ ಸಲ ಕ್ಯಾಂಟೀನಿಗೆ ಬಂದಿದ್ದ. ಒಳಗೆ ಕೂರದೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ.

"ಕೇಳ್ರಪ್ಪೋ, ಸ್ಟೋರ್ಸ್ ನಾಯಕ ಬಸು. ದ್ಯಾಮಣ್ಣ..." ಶಶಿಕುಮಾರ್ ಕಾಗದವನ್ನು ಹತ್ತಿರ ಹಿಡಿದ. "ದ್ಯಾಮಣ್ಣೋರನ್ನ ಕೂರಿಸ್ಬಿಟ್ಟಿದಾರೆ ಮಗಾ."

ಗುಜುಗುಜು ಎದ್ದಿತು. ಫೌಂಡ್ರಿಯವನೊಬ್ಬ, "ಅಂತೂ ನರಸಪ್ಪಂಗೆ ಬುದ್ಧಿ ಬಂತು" ಎಂದ. ಇನ್ನೊಬ್ಬ ಬಾಗಿಲ ಕಡೆ ನೋಡಿ ಅವನ ತೊಡೆ ಚಿವುಟಿದ. ನರಸಪ್ಪ ತಟ್ಟೆಯ ಮುದ್ದೆಯನ್ನು ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಡದೆ ಕೂತಿದ್ದ.

ಮೊದಲ ಅರ್ಧದಲ್ಲಿ ಅಸೆಂಬ್ಲಿ ಎರಡು ಗೋಲು ಹೊಡೆಯಿತು. ಎರಡನ್ನೂ ಶಶಿಕುಮಾರ್ ಎರಡೆರಡು ಸಲ ಓದಿದ.

"ಮೂವತ್ತಾರನೇ ನಿಮಿಷ, ದ್ಯಾಮಣ್ಣ ಬಂದ್ರು. ಮೂವತ್ತೊಂಬತ್ತು, ಬಸು ಕೊಟ್ರು, ದ್ಯಾಮಣ್ಣ ಬ್ಯಾಕನ್ನ ದಾಟಿದ್ರು, ಹೊರಗೆ ಹೋಯ್ತು. ನಲವತ್ತನಾಲ್ಕು, ಬಸು ದ್ಯಾಮಣ್ಣಂಗೆ." ಅವನ ದನಿ ತಗ್ಗಿತು. "ಗೋಲು."

ಯಾರೂ ತಟ್ಟೆ ಮುಟ್ಟುತ್ತಿರಲಿಲ್ಲ.

"ಓದೋ," ಎಂದಳು ಚಿಕ್ಕಮುನಿಯಮ್ಮ.

"ಓದ್ತಾ ಇದೀನಲ್ಲ ಅಕ್ಕ. ಐವತ್ತೊಂದು, ದ್ಯಾಮಣ್ಣ ಎಡಕ್ಕೆ ತಿರುಗಿ ಒಬ್ಬನ್ನ ದಾಟಿದ್ರು, ಇನ್ನೊಬ್ಬನ್ನ ದಾಟಿದ್ರು, ಕೀಪರ್ ತಡೆದ. ಐವತ್ತೆಂಟು, ಬಸು, ದ್ಯಾಮಣ್ಣ, ವಾಪಸ್ ಬಸು, ದ್ಯಾಮಣ್ಣ." ಅವನು ಕಾಗದ ಕೆಳಗಿಳಿಸಿದ. ತನ್ನ ತಂಡದ ಮೇಲೆ ಬಿದ್ದ ಗೋಲು ಎನ್ನುವುದು ಅವನಿಗೆ ಮರೆತೇ ಹೋಗಿತ್ತು. "ಗುರು, ನಮ್ ಮೂರು ಜನಾನ ಸುತ್ತಿ ಹಾಕ್ಬಿಟ್ಟಿದಾರೆ. ಎರಡು ಎರಡು."

ಮಷೀನ್ ಶಾಪಿನ ಹಳಬರೊಬ್ಬರು ಎದ್ದು ನಿಂತು, "ಹಿಂಗೇ, ಹಿಂಗೇ ಆಡ್ತಿದ್ದದ್ದು ಇವನು. ನಾನು ಹೇಳ್ತಿರ್ಲಿಲ್ವಾ" ಎಂದು ಪಕ್ಕದ ಹೊಸಬನ ಭುಜ ಹಿಡಿದು ಅಲುಗಿಸಿದರು.

ಅರವತ್ತೊಂಬತ್ತನೇ ನಿಮಿಷದಲ್ಲಿ ಸ್ಟೋರ್ಸಿಗೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. ನರಸಪ್ಪ ಬರೆದಂತೆ ಹೊಸ ಆಟಗಾರ ಹೊಡೆದ. ಕೀಪರಿನ ಕಾಲಿಗೆ ಬಡಿದು ಹೊರಗೆ ಹೋಯಿತು. ಪಂದ್ಯ ಅಲ್ಲಿಗೇ, ಎರಡು ಎರಡರಲ್ಲಿ ಮುಗಿಯಿತು.

"ಥೂ, ಅದೊಂದನ್ನ ದ್ಯಾಮಣ್ಣೋರಿಗೆ ಕೊಟ್ಟಿದ್ರೆ ಗೆದ್ದಿದ್ರಲ್ಲೋ ನರಸಪ್ಪ," ಎಂದು ಸ್ಟೋರ್ಸಿನವನೊಬ್ಬ ಗೋಳಾಡಿದ.

"ಕೊಟ್ಟಿದ್ರ ನಾನೂ ತಪ್ಪಿಸ್ತಿದ್ದೆ," ಎಂದು ಬಾಗಿಲಿಂದ ಮಾತು ಬಂತು. ದ್ಯಾಮಣ್ಣ ಒಳಗೆ ಬಂದಿದ್ದ. "ನಿಂತ ಚೆಂಡು ನನಗ ಆಗಿಬರಂಗಿಲ್ಲ. ಆ ಹುಡುಗಗ ಏನೂ ಅನಬ್ಯಾಡ್ರಿ."

ಯಾವ ಹುಡುಗ ಎಂದು ಯಾರೂ ಕೇಳಲಿಲ್ಲ. ಆ ಹೊಸ ಆಟಗಾರನೂ ಅಲ್ಲೇ ಎಲ್ಲೋ ತಲೆ ತಗ್ಗಿಸಿ ಕೂತಿರುವನೇನೋ ಎಂಬಂತೆ ಎಲ್ಲರೂ ಸುಮ್ಮನಾದರು. ಶಶಿಕುಮಾರ್ ಬೆಂಚಿನಿಂದ ಇಳಿದು ಜಾಗ ಬಿಟ್ಟ.

"ಕೂತ್ಕೊಳಿ ದ್ಯಾಮಣ್ಣೋರೆ. ಒಂದ್ ಮಾತು. ನಮ್ ಬ್ಯಾಕು ಎಡಗಾಲೋ ಬಲಗಾಲೋ, ಅದನ್ನಾದ್ರೂ ಹೇಳ್ಬಿಡಿ. ಮುಂದಿನ ಸಲಕ್ಕೆ ಅವನ್ನ ಬದಲಾಯಿಸ್ತೀನಿ."

"ನೀನೂ ಅರ್ಧ ಗಂಟೆ ಬಾಯಿ ಮುಚ್ಚಿಕೊಂಡು ಕುಂತು ನೋಡು. ತಿಳೀತದ."

ಈ ಸಲ ಕ್ಯಾಂಟೀನು ನಕ್ಕದ್ದು ಶಶಿಕುಮಾರನನ್ನು ನೋಡಿ. ಅವನೂ ನಕ್ಕ. ಚಿಕ್ಕಮುನಿಯಮ್ಮ ಕೇಳದೆಯೇ ತಟ್ಟೆ ತಂದಿಟ್ಟು ಎರಡು ಮುದ್ದೆ ಬಡಿಸಿದಳು. ರೊಟ್ಟಿ ತಿನ್ನುವವನಿಗೆ ಎರಡು ಮುದ್ದೆ ಹೆಚ್ಚಾಯಿತೆಂದು ಯಾರೋ ಹೇಳಿದ್ದಕ್ಕೆ, "ಎಲ್ಡು ಗೋಲು ಒಡ್ದವ್ರೆ, ಉಣ್ಲಿ ಬುಡು" ಎಂದಳು.

ಅಷ್ಟರಲ್ಲಿ ವಿಶ್ವನಾಥ್ ಬಂದರು. ನರಸಪ್ಪನ ಎದುರು ಕೂತು, "ಸ್ಕೋರ್ ಪುಸ್ತಕದಲ್ಲಿ ಇವರ ಗೋಲೆಲ್ಲಾ ನಲವತ್ತನೇ ನಿಮಿಷದ ಮೇಲೇ ಇದ್ವು ಕಣ್ರೀ. ಅದನ್ನೇ ಒಳಗೆ ಹಾಕಿದ್ದೆ. ಯಾರೂ ಕಂಡುಹಿಡಿಯಲ್ಲ ಅಂತಿದ್ದೆ. ಪುಸ್ತಕ ನೋಡಿದ್ರಾ?" ಎಂದು ಕೇಳಿದರು.

"ಇಲ್ಲ ಸಾ. ಓಗಿ ಕೇಳ್ದೆ."

ವಿಶ್ವನಾಥ್ ಸ್ವಲ್ಪ ಹೊತ್ತು ಅವನನ್ನೇ ನೋಡಿದರು. ಆರು ತಿಂಗಳು ಕೂತು ಕೂಡಿಸಿ ಭಾಗಿಸಿ ತಾನು ಹುಡುಕಿದ್ದನ್ನು ಈ ಮನುಷ್ಯ ಒಂದು ಬೆಳಿಗ್ಗೆ ಚಾಪೆಯ ಮೇಲೆ ಕೂತು ತಂದಿದ್ದ. ಅದನ್ನು ದೊಡ್ಡದೆಂದು ಅವನು ತಿಳಿದಂತೆಯೂ ಕಾಣಲಿಲ್ಲ. ಈಗ ಮೊದಲ ತುತ್ತನ್ನು ಬಾಯಿಗಿಟ್ಟುಕೊಳ್ಳುತ್ತಿದ್ದ.

ವಿಶ್ವನಾಥ್ ಜೇಬಿನಿಂದ ಪೆನ್ಸಿಲ್ ತೆಗೆದು ದ್ಯಾಮಣ್ಣನ ಕಡೆ ತಿರುಗಿದರು. "ಹೆಸರು ತೆಗೀಬೇಕು ಅಂದಿದ್ರಿ. ಇವತ್ತಿಗೆ ಗಡುವು ಅಂತ ನರಸಪ್ಪ ಹೇಳಿದ್ರು. ಏನ್ ಮಾಡ್ಲಿ?"

ದ್ಯಾಮಣ್ಣ ಹಲಗೆಯ ಮೇಲಿದ್ದ ಮುಂದಿನ ವಾರದ ಪಟ್ಟಿಯನ್ನು ಅಲ್ಲಿಂದಲೇ ಕಣ್ಣು ಕಿರಿದು ಮಾಡಿ ಓದಿದ.

"ಬರೋ ವಾರ ಫೌಂಡ್ರಿ ಅಲ್ಲೇನು ನರಸಪ್ಪ? ಅವರ ಎಡಗಡೆ ಬ್ಯಾಕ್ ನನಗ ಗೊತ್ತದಾನ. ಎರಡು ಸಲ ಎದುರಾಗೇನಿ. ಅವನ ಕಾಲು ತಿಳಿಯಾಕ ಬಾಳ ಹೊತ್ತು ಬೇಕು." ಮುದ್ದೆಯನ್ನು ಯಾವ ಕಡೆಯಿಂದ ಮುರಿಯಬೇಕೆಂದು ನೋಡುತ್ತ ಸ್ವಲ್ಪ ಯೋಚಿಸಿದ. "ಮೂವತ್ತಾರಕ್ಕ ಬ್ಯಾಡ. ನಾ ನಲವತ್ತಕ್ಕ ಬರ್ತೇನಿ."